ತುಮರಿಗೆ ಸೇತುವೆ ಬಂತು, ಉಳಿದ ಬಾಕಿ?

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆ ಆಯಿತು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್ ಉದ್ದ, 470 ಕೋಟಿ ರೂಪಾಯಿಗೂ ಜಾಸ್ತಿ ಖರ್ಚು. ನಡುವಿನ ಭಾಗವನ್ನು ಕೇಬಲ್‌ಗಳು ಎಳೆದು ಹಿಡಿದಿವೆ. ಡ್ರೋನ್ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಚೌಡೇಶ್ವರಿ ಅಮ್ಮನವರ ದೇವಸ್ಥಾನ ಇರುವ ಸಿಗಂದೂರಿಗೆ ಹೋಗುವ ಭಕ್ತರು ಇನ್ನು ಲಾಂಚ್ ಕಾಯಬೇಕಿಲ್ಲ ಎಂದು ಎಲ್ಲರೂ ಬರೆದರು. ಹೆಸರೂ ಹಾಗೇ ಆಯಿತು, ಸಿಗಂದೂರು ಸೇತುವೆ.

ಅಮ್ಮನವರ ಹೆಸರು ಬಂದದ್ದು ಸಂತೋಷವೇ. ಆದರೆ ಆಚೆ ದಡದಲ್ಲಿ ದೇವಸ್ಥಾನ ಮಾತ್ರ ಇಲ್ಲ, ಊರುಗಳೂ ಇವೆ. ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಹಳ್ಳಿಗಳೆಲ್ಲ ಆ ಕಡೆಗೇ ಇವೆ. ಅವಕ್ಕೆಲ್ಲ ಪೇಟೆ ಅಂದರೆ ತುಮರಿ. ಒಂದು ಸರ್ಕಲ್, ಶಾಲೆ, ಕಾಲೇಜು, ಬ್ಯಾಂಕು, ನಾಲ್ಕಾರು ಅಂಗಡಿ, ಹೋಟೆಲು. ಸುತ್ತ ಅಡಿಕೆ ತೋಟ, ತೋಟದ ಸುತ್ತ ಕಾನು ಎನ್ನುವ ದಟ್ಟ ಕಾಡು, ಅದರಾಚೆ ಹಿನ್ನೀರು. ನಾನು ಆ ದಡದವನು. ಈಗ ಸಾಗರದಲ್ಲಿದ್ದರೂ ತೋಟ ಇರುವುದು ಅಲ್ಲೇ. ಸೇತುವೆಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅದರ ಆಚೆ ತುದಿಯಲ್ಲಿ ಬದುಕುವವರ ಬಗ್ಗೆ ನನಗೆ ಹೇಳುವುದಿದೆ.

ಮೊದಲು ಒಂದು ಮಾತು. ಈ ಸೇತುವೆ ಯಾರೂ ನಮಗೆ ಕೊಟ್ಟ ಕೊಡುಗೆ ಅಲ್ಲ. ಅದು ಬಾಕಿ. ಬಹಳ ತಡವಾಗಿ ಬಂದ ಬಾಕಿ.

ಹೊಳೆ ಮೊದಲಿನಿಂದ ಇಷ್ಟು ಅಗಲ ಇರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಜೋಗದಲ್ಲಿ ಧುಮುಕುವ ಮುಂಚೆ ನಮ್ಮ ಕಣಿವೆಯಲ್ಲಿ ಗದ್ದೆ ತೋಟಗಳ ನಡುವೆ ಹರಿಯುತ್ತಿತ್ತು. ದಂಡೆಯಲ್ಲಿ ಅಪ್ಪೆಮಿಡಿ ಮರಗಳಿದ್ದವು. ಬೇಸಿಗೆಯಲ್ಲಿ ಜನ ನಡೆದೇ ದಾಟುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಮೊದಲು ಕಟ್ಟಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಅದರ ನೀರು ನಂಬಿಕೊಂಡೇ 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. ಆಗಲೂ ಊರುಗಳು ಮುಳುಗಿದವು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ತುಂಬಿದರೆ 1,819 ಅಡಿ, ಸುಮಾರು 151 ಟಿಎಂಸಿ ನೀರು. ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಬರುತ್ತದೆ. ಅದರ ಸೈಫನ್‌ಗಳು ಆ ಕಾಲದ ಎಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸ. ನೀರಿನ ಮಟ್ಟ ಏರಿದರೆ ಗೇಟು ಎತ್ತುವ ಕೆಲಸವೇ ಇಲ್ಲದೆ ತಾವಾಗಿ ನೀರು ಸೆಳೆದು ಹೊರಹಾಕುವ ಏರ್ಪಾಟು. ಇಷ್ಟು ವರ್ಷ ನೀರೊಳಗಿದ್ದರೂ ಗೋಡೆ ಗಟ್ಟಿಯಾಗಿಯೇ ನಿಂತಿದೆ. ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಣೆಕಟ್ಟಿನ ಜೊತೆ ಹಳೆಯ ರಸ್ತೆಗಳು, ಮನೆಗಳ ಅಡಿಪಾಯಗಳು, ಬಾವಿಕಟ್ಟೆಗಳೂ ಮೇಲೆ ಬರುತ್ತವೆ. ಅವನ್ನು ಗುರುತು ಹಿಡಿಯಬಲ್ಲವರು ಈಗ ಕಡಿಮೆ.

ನೀರು ಏರುವಾಗ ಜನರನ್ನು ಲಾರಿಯಲ್ಲಿ ತುಂಬಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಯ ಕಾಡಿನಲ್ಲಿ ಇಳಿಸಿದರು. ಕೆಲವರು ದಡದಲ್ಲೇ ಮೇಲಕ್ಕೆ ಸರಿದು ಉಳಿದರು. ಹಾಗೆ ಉಳಿದವರ ಊರುಗಳೇ ನಮ್ಮವು. ಕಣಿವೆಯ ನೀರಿನಿಂದ ಶರಾವತಿ ವಿದ್ಯುತ್ ಕೇಂದ್ರ 1,035 ಮೆಗಾವಾಟ್ ಉತ್ಪಾದಿಸುವ ಸಾಮರ್ಥ್ಯಕ್ಕೆ ಬೆಳೆಯಿತು. ರಾಜ್ಯದ ಕಾರ್ಖಾನೆಗಳು ಆ ಕರೆಂಟಿನಲ್ಲಿ ತಿರುಗಿದವು. ಮುಳುಗಡೆಯವರ ಎಷ್ಟೋ ಹಳ್ಳಿಗಳಲ್ಲಿ ಮಾತ್ರ ಇನ್ನೂ ಬಹಳ ಕಾಲ ಬುಡ್ಡಿ ದೀಪವೇ ಉರಿಯುತ್ತಿತ್ತು.

ದಾಟಲು ಲಾಂಚ್ ಕೊಟ್ಟರು. ಲಾಂಚಿನ ಬಗ್ಗೆ ಹೊರಗಿನವರಿಗೆ ಒಂದು ಮೋಹ ಇತ್ತು. ಬಸ್ಸು, ಕಾರು, ಬೈಕು, ದನದ ಹಿಂಡಿ ಚೀಲ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ತೇಲಿಕೊಂಡು ಹೋಗುವುದು ಅವರಿಗೆ ಹೊಸದು. ಲಾಂಚಿನ ಸಿಬ್ಬಂದಿಯ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಮಳೆ, ಗಾಳಿ, ಮಂಜು ಅನ್ನದೆ ತಲೆಮಾರುಗಳನ್ನು ದಾಟಿಸಿದವರು ಅವರು. ಆದರೆ ಸಂಜೆ ಕೊನೆಯ ಲಾಂಚ್ ಹೋದ ಮೇಲೆ ನಮ್ಮ ಹೋಬಳಿ ದ್ವೀಪ ಆಗುತ್ತಿತ್ತು. ಭೂಪಟದಲ್ಲಿ ರಸ್ತೆ ಇತ್ತು, ನಿಟ್ಟೂರು, ಹೊಸನಗರ ಸುತ್ತಿ ಸಾಗರಕ್ಕೆ ಹೋಗಬಹುದಿತ್ತು. ಇಲ್ಲವೇ ನಾಗೋಡಿ ಘಾಟಿ ಇಳಿದು ಕೊಲ್ಲೂರು, ಕುಂದಾಪುರ. ಮಳೆಗಾಲದ ನಡುರಾತ್ರಿ ಹೆರಿಗೆ ನೋವು ಬಂದ ಹೆಂಗಸಿಗೆ ಆ ರಸ್ತೆ ಏನು ಸಮಾಧಾನ? ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿನಲ್ಲಿ ವಾಹನ ಹಾಕುವುದನ್ನೇ ನಿಲ್ಲಿಸುತ್ತಿದ್ದರು. ಆಗ ಆಂಬುಲೆನ್ಸ್ ಕೂಡ ಒಂದು ದಡದಲ್ಲೇ ಉಳಿಯುತ್ತಿತ್ತು.

ನಮ್ಮ ಕಡೆ ಕಾಯಿಲೆಯ ಮಾತು ಬಂದರೆ ಮೊದಲು ಕೇಳುತ್ತಿದ್ದುದು "ಲಾಂಚ್ ಇದ್ಯಾ?" ಅಂತಲೇ. ಕಾಯಿಲೆ ಏನು ಅನ್ನುವುದು ಆಮೇಲಿನ ಪ್ರಶ್ನೆ. ಹಾವು ಕಚ್ಚುವುದು, ಮರದಿಂದ ಬೀಳುವುದು, ಎದೆನೋವು ಇವೆಲ್ಲ ಹೊತ್ತು ನೋಡಿ ಬರುವುದಿಲ್ಲ. ಹಾಗಾಗಿಯೇ ಸೇತುವೆಗಾಗಿ ಅಷ್ಟು ವರ್ಷ ಹೋರಾಟ ನಡೆಯಿತು. ಮನವಿ ಕೊಟ್ಟರು, ಪಾದಯಾತ್ರೆ ಮಾಡಿದರು, ಚುನಾವಣೆ ಬಂದಾಗಲೆಲ್ಲ ಕೇಳಿದರು. ಶಂಕುಸ್ಥಾಪನೆ ಆಗುವ ಹೊತ್ತಿಗೆ 2018 ಬಂದಿತ್ತು. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷ. ಮುಳುಗಡೆ ಕಂಡವರಲ್ಲಿ ಹೆಚ್ಚಿನವರು ಸೇತುವೆ ಕಾಣಲಿಲ್ಲ.

ಈಗ ತೋಟದ ಮಾತು. ತುಮರಿ ಉಸಿರಾಡುವುದು ಅಡಿಕೆಯಲ್ಲಿ. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆ ರೋಗ ತಡೆಯಲು ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನಮ್ಮ ಕಡೆ ಅದಕ್ಕೆ ಕೊಳೆ ಔಷಧಿ ಎಂದೇ ಹೆಸರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೇಳಲು ಸುಲಭ. ಆದರೆ ಮೊದಲ ಸಲ ಹೊಡೆದ ಔಷಧಿ ಮಳೆಯಲ್ಲಿ ತೊಳೆದು ಹೋಗುವ ಮುಂಚೆ ಎರಡನೇ ಸಲ ಹೊಡೆಯಬೇಕು. ಜುಲೈ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರುವುದು? ಎರಡು ಗಂಟೆ ಮಳೆ ಬಿಟ್ಟರೆ ಸಾಕು, ಊರಿನ ಎಲ್ಲರಿಗೂ ಅದೇ ಎರಡು ಗಂಟೆಯಲ್ಲಿ ಮರ ಹತ್ತುವವರು ಬೇಕು. ಹತ್ತುವವರು ಕೈಬೆರಳಲ್ಲಿ ಎಣಿಸುವಷ್ಟು. ಹಿಂದೆ ಮಳೆ ತಾಗದ ಹಾಗೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಬಂತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆಯನ್ನೂ ಕೊಯ್ಯಬಹುದು. ಹೊಸ ಸಲಕರಣೆಗಳಲ್ಲಿ ನಮ್ಮ ಜನರ ಜೀವ ಉಳಿಸಿದ್ದು ಯಾವುದು ಅಂದರೆ ನಾನು ದೋಟಿಯನ್ನೇ ಹೇಳುತ್ತೇನೆ. ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ಇಲ್ಲದ ಊರು ಮಲೆನಾಡಿನಲ್ಲಿ ಇಲ್ಲ.

ಕೊಯ್ಲು ಮುಗಿದರೆ ಸುಲಿಯುವುದು, ಬೇಯಿಸುವುದು, ಚೊಗರು ಹಾಕುವುದು, ಚಪ್ಪರದ ಮೇಲೆ ಹರವುವುದು. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವುದು. ನಾನು ಚಿಕ್ಕವನಿದ್ದಾಗ ಸುಲಿಯುವ ಕೆಲಸ ರಾತ್ರಿ ಅಂಗಳದಲ್ಲಿ ನಡೆಯುತ್ತಿತ್ತು. ಸಾಲಾಗಿ ಮೆಟ್ಟುಕತ್ತಿ ಹಾಕಿಕೊಂಡು ಕೂತ ಹೆಂಗಸರು ಊರಿನ ಸುದ್ದಿಯನ್ನೆಲ್ಲ ಅಡಿಕೆಯ ಜೊತೆಗೇ ಸುಲಿದು ಹಾಕುತ್ತಿದ್ದರು. ಈಗ ಮೆಷಿನ್ ಬಂದಿದೆ, ಕೆಲಸ ಬೇಗ ಮುಗಿಯುತ್ತದೆ. ಕೂಲಿ ಸಿಗದ ಕಾಲದಲ್ಲಿ ಅದು ಬೇಕೇ ಬೇಕಿತ್ತು. ಆದರೆ ಆ ಹೆಂಗಸರಿಗೆ ವರ್ಷಕ್ಕೆ ಎರಡು ಮೂರು ತಿಂಗಳು ಕೈಗೆ ಬರುತ್ತಿದ್ದ ದುಡ್ಡಿನ ದಾರಿ ಮುಚ್ಚಿತು. ಅದಕ್ಕೆ ಬದಲು ಏನು ಅಂತ ಯಾರೂ ಯೋಚನೆ ಮಾಡಲಿಲ್ಲ.

ಇದರ ಮೇಲೆ ಎಲೆಚುಕ್ಕಿ ರೋಗ. ಇತ್ತೀಚಿನ ಕೆಲವು ವರ್ಷಗಳಿಂದ ಸಾಗರ, ಹೊಸನಗರ, ತೀರ್ಥಹಳ್ಳಿ, ಕಳಸ ಎಲ್ಲ ಕಡೆ ಹಬ್ಬಿದೆ. ಎಲೆಯ ಮೇಲೆ ಮೊದಲು ಸಣ್ಣ ಚುಕ್ಕಿ, ಆಮೇಲೆ ಚುಕ್ಕಿ ಕೂಡಿಕೊಂಡು ಗರಿಯೇ ಒಣಗುತ್ತದೆ. ಶಿಲೀಂಧ್ರದ ಕಾಯಿಲೆ. ಒದ್ದೆ ಹವೆ ಇದ್ದಷ್ಟೂ ಹರಡುತ್ತದೆ. ನಮ್ಮಲ್ಲಿ ಒದ್ದೆಗೆ ಬರ ಇಲ್ಲವಲ್ಲ! ಔಷಧಿ ಹೊಡೆದರೂ ಪಕ್ಕದ ತೋಟದವರು ಹೊಡೆಯದಿದ್ದರೆ ಅಲ್ಲಿಂದ ಮತ್ತೆ ಬರುತ್ತದೆ. ಎತ್ತರದ ಮರದ ಎಲೆಗೆ ಮುಟ್ಟಿಸುವ ಖರ್ಚು ಸಣ್ಣ ಹಿಡುವಳಿದಾರನಿಗೆ ತಡೆಯುವುದಿಲ್ಲ. ಅರ್ಧ ಎಕರೆ, ಒಂದು ಎಕರೆ ತೋಟದವರೇ ಹೆಚ್ಚು ನಮ್ಮಲ್ಲಿ.

ಅಡಿಕೆಯ ಧಾರಣೆ ಏರಿದಾಗ ನಾವೆಲ್ಲ ಮನೆ ಕಟ್ಟಿದೆವು, ಮಕ್ಕಳನ್ನು ಎಂಜಿನಿಯರಿಂಗಿಗೆ ಕಳಿಸಿದೆವು. 2014ರಲ್ಲಿ ಧಾರಣೆ ಹಠಾತ್ ಜಿಗಿದಾಗ ಗದ್ದೆಗಳೂ ತೋಟವಾದವು. ಅತ್ತ ಬಯಲುಸೀಮೆಯಲ್ಲೂ ಚನ್ನಗಿರಿ, ದಾವಣಗೆರೆ ಕಡೆ ಬೋರ್‌ವೆಲ್ ನೀರಿನಲ್ಲಿ ಸಾವಿರಾರು ಎಕರೆ ಅಡಿಕೆ ಎದ್ದಿತು. ಅಲ್ಲಿ ಕೊಳೆಯ ಕಾಟ ಕಡಿಮೆ, ಇಳುವರಿ ಜಾಸ್ತಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಈ ಮಾತು ನಮ್ಮ ಸಭೆಗಳಲ್ಲಿ ಎತ್ತಿದರೆ ಹಲವರಿಗೆ ಬೇಸರವಾಗುತ್ತದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಅದು ನನ್ನ ಮನೆಯ ಅನ್ನವೂ ಹೌದು. ಆದರೂ ಒಂದೇ ಬೆಳೆಯ ಮೇಲೆ ಒಂದು ಹೋಬಳಿ ನಿಂತಿದೆ ಎನ್ನುವುದನ್ನು ಮಾತಾಡದೆ ಇರಲು ಆಗುವುದಿಲ್ಲ. ತೋಟದ ಮರಕ್ಕೆ ಕಾಳುಮೆಣಸು ಹಬ್ಬಿಸಿದವರು, ಜಾಯಿಕಾಯಿ, ಕೋಕೋ ಹಾಕಿದವರು ಕೊಳೆಯ ವರ್ಷದಲ್ಲೂ ಹೇಗೋ ತಲೆ ಎತ್ತಿ ನಿಂತಿದ್ದಾರೆ. ಹಳಬರ ತೋಟ ಹಾಗೇ ಇತ್ತು. ಬಾಳೆ, ಏಲಕ್ಕಿ, ಮೆಣಸು, ವೀಳ್ಯದೆಲೆ ಎಲ್ಲ ಅಡಿಕೆಯ ನೆರಳಲ್ಲೇ ಇದ್ದವು. ದುಡ್ಡಿನ ಆಸೆಗೆ ನಾವು ಸಾಲು ಸಾಲು ಅಡಿಕೆ ಮಾತ್ರ ಉಳಿಸಿಕೊಂಡೆವು.

ತೋಟ ಬದುಕುವುದು ಕಾನಿನಿಂದ. ಸೊಪ್ಪು, ದರಗು (ಉದುರಿದ ಒಣ ಎಲೆ), ಗೊಬ್ಬರ, ನೀರು ಎಲ್ಲವೂ ಮೇಲಿನ ಗುಡ್ಡದಿಂದಲೇ ಇಳಿದು ಬರಬೇಕು. ನಮ್ಮ ಕಣಿವೆಯ ಕಾಡು ನಿತ್ಯಹರಿದ್ವರ್ಣದ್ದು. ಕೆಳಗಿನ ಜವುಗಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಮರದ ಬೇರು ಕೆಸರಿನಿಂದ ಮಂಡಿಯ ಹಾಗೆ ಮೇಲೆದ್ದು ಉಸಿರಾಡುತ್ತದೆ. ಅಂಥ ಜಡ್ಡಿಯಿಂದ ಹೊರಟ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ. ಮೇಲಿನ ಕೊಂಬೆಗಳಲ್ಲಿ ಸಿಂಗಳೀಕಗಳು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮಂಗ ಅದು. ಮರದಿಂದ ಇಳಿಯುವುದೇ ಅಪರೂಪ, ಹಾಗಾಗಿ ಕೊಂಬೆಗೆ ಕೊಂಬೆ ತಾಗುವ ಕಾಡೇ ಬೇಕು. 2019ರಲ್ಲಿ ಶರಾವತಿ ಅಭಯಾರಣ್ಯವನ್ನು ಹಿಗ್ಗಿಸಿ ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಿದರು. ಸಿಂಗಳೀಕ ತಿನ್ನುವ ಉಪ್ಪಾಗೆ ಎಂಬ ಹುಳಿ ಹಣ್ಣನ್ನೇ ನಮ್ಮ ಜನರೂ ಕೊಯ್ದು, ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಬೊಜ್ಜು ಕರಗಿಸುವ ಮಾತ್ರೆಗೆ ಅದರ ಸಿಪ್ಪೆ ಬೇಕಾಗುತ್ತದೆ ಎಂದು ಧಾರಣೆ ಏರಿದ ವರ್ಷಗಳಲ್ಲಿ ಹಣ್ಣಾಗುವ ಮೊದಲೇ ಕೊಂಬೆ ಕಡಿದು ಕೊಯ್ದವರಿದ್ದರು. ಕಾಡಿನ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡಬಾರದು.

ಕಾಡಿನ ಇನ್ನೊಂದು ಮುಖವೂ ಇದೆ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಮನೆ ಮನೆಗೆ ನುಗ್ಗಿತು. ಜನ ಸತ್ತರು. ದರಗು ಗುಡಿಸಲು ಕಾಡಿಗೆ ಹೋಗುವವರಿಗೆ ಉಣುಗು (ಉಣ್ಣೆ ಹುಳ) ಕಚ್ಚುತ್ತದೆ, ಅದರಿಂದ ಜ್ವರ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಲು ಡೆಪಾ ಎಣ್ಣೆ ಹಂಚಿದರು. ಹಳೆಯ ಲಸಿಕೆ ಇತ್ತು, ಅದು ಸಾಕಷ್ಟು ರಕ್ಷಣೆ ಕೊಡುವುದಿಲ್ಲ ಎಂದು ಆಮೇಲೆ ನಿಲ್ಲಿಸಿದರು. ಅರವತ್ತು ವರ್ಷಕ್ಕೂ ಹಳೆಯ ಕಾಯಿಲೆಗೆ ಒಂದು ಒಳ್ಳೆಯ ಲಸಿಕೆ ಬೇಗ ಬರಲಿಲ್ಲ. ಕಾರಣ ನನಗೆ ಕಾಣುವುದು ಒಂದೇ, ಇದು ಕಾಡಂಚಿನ ಬಡವರ ಕಾಯಿಲೆ. ಪೇಟೆಯ ಆಸ್ಪತ್ರೆಗಳಲ್ಲಿ ಸಾಲು ನಿಲ್ಲಿಸುವ ಕಾಯಿಲೆ ಆಗಿದ್ದರೆ ಇಷ್ಟು ಕಾಯಬೇಕಿತ್ತಾ?

ಇನ್ನು ಭೂಮಿಯ ವಿಷಯ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಕಿ ಇದೇ. ಮುಳುಗಡೆಯಾದವರಿಗೆ ಕಾಡಿನಲ್ಲಿ ಜಾಗ ತೋರಿಸಿದರು, ಆದರೆ ಕಾಗದ ಸರಿಯಾಗಿ ಕೊಡಲಿಲ್ಲ. ಅವರು ಗುಡ್ಡ ಕಡಿದು, ಅಗಳ ತೆಗೆದು, ತೋಟ ಎಬ್ಬಿಸಿದರು. ಮೂರನೇ ತಲೆಮಾರು ಅಲ್ಲೇ ಹುಟ್ಟಿತು. ಪಹಣಿಯಲ್ಲಿ ಮಾತ್ರ ಇಂದಿಗೂ ಅರಣ್ಯ ಎಂದೇ ಇದೆ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಕಾಡಿನ ಜಾಗ ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆ ಇಲ್ಲದೆ ಹೊರಡಿಸಿದ ಡಿನೋಟಿಫಿಕೇಷನ್‌ಗಳು, ಅಂದರೆ ಜಾಗವನ್ನು ಅರಣ್ಯದಿಂದ ಕೈಬಿಡುವ ಆದೇಶಗಳು, ಹೈಕೋರ್ಟಿನಲ್ಲಿ ಬಿದ್ದುಹೋದವು. ಕೈಯಲ್ಲಿ ಹಕ್ಕುಪತ್ರ ಹಿಡಿದವರೂ ಮತ್ತೆ ಒತ್ತುವರಿದಾರರಾದರು. ಸಾಗುವಳಿ ಮತ್ತು ಮನೆ ಜಾಗದ ಸಕ್ರಮಕ್ಕೆ ಹಾಕುವ ಅರ್ಜಿಗಳಾದ ಫಾರಂ 53, ಫಾರಂ 57, 94ಸಿ ಎಂಬ ಅಂಕಿಗಳು ನಮ್ಮ ಕಡೆ ಓದು ಬಾರದ ಮುದುಕರಿಗೂ ಬಾಯಿಪಾಠ. ಕಾಗದ ಇಲ್ಲದಿದ್ದರೆ ಬೆಳೆಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಕೊಳೆ ಬಂದ ವರ್ಷ ಪರಿಹಾರ ಇಲ್ಲ. ಮಗ ಊರಲ್ಲೇ ಇರುತ್ತೇನೆ ಎಂದರೂ ಅಪ್ಪ ಯಾವ ಧೈರ್ಯದಲ್ಲಿ ಇರು ಅನ್ನಬೇಕು?

ಹಾಗಾಗಿ ಹುಡುಗರು ಹೋದರು. ಕೊರೊನಾ ಕಾಲದಲ್ಲಿ ಒಂದಷ್ಟು ಜನ ಲ್ಯಾಪ್‌ಟಾಪ್ ಹಿಡಿದು ವಾಪಸ್ ಬಂದಿದ್ದರು. ಅವರನ್ನು ಉಳಿಸಿಕೊಳ್ಳುವ ಅವಕಾಶ ಆಗ ಇತ್ತು. ಆದರೆ ನೆಟ್‌ವರ್ಕ್ ಇರಲಿಲ್ಲ. ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡದ ತಲೆಯಲ್ಲಿ ಕೊಡೆ ಹಿಡಿದು ಕೂತರು. "ನೋ ನೆಟ್‌ವರ್ಕ್, ನೋ ವೋಟಿಂಗ್" ಎಂದು ನಮ್ಮ ಕಡೆಯ ಜನ ಬೋರ್ಡು ಬರೆದರು. ಟವರ್‌ಗಳು ಒಂದೊಂದಾಗಿ ಬಂದವು, ಕರೆಂಟು ಹೋದರೆ ಟವರೂ ಹೋಗುತ್ತದೆ. ಬಂದ ಹುಡುಗರಲ್ಲಿ ಹೆಚ್ಚಿನವರು ಮತ್ತೆ ಬೆಂಗಳೂರಿಗೆ ಹೋದರು.

ಸೇತುವೆ ಬಂದ ಮೇಲೆ ಏನಾಗಿದೆ? ಮೊದಲು ಒಳ್ಳೆಯದು ಹೇಳುತ್ತೇನೆ. ರಾತ್ರಿಯ ಭಯ ಹೋಗಿದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಈಗ ಯಾರಿಗಾದರೂ ಎದೆನೋವು ಬಂದರೆ ಕಾರು ಹತ್ತಿಸಿ ಹೊರಡುತ್ತಾರೆ, ಅಷ್ಟೇ. ಸಾಗರದಲ್ಲಿ ಓದುವ ಮಕ್ಕಳು ಹಾಸ್ಟೆಲ್ ಬಿಟ್ಟು ಮನೆಯಿಂದ ಓಡಾಡಬಹುದು. ಅಡಿಕೆ ಮೂಟೆ ನೇರ ಮಂಡಿಗೆ ಹೋಗುತ್ತದೆ. ಹೆಣ್ಣು ಕೊಡುವವರು "ಹೊಳೆ ಆಚೆ" ಎಂದು ಹಿಂದೆ ಸರಿಯುತ್ತಿದ್ದ ಕಾಲವೂ ಹೋಗಬಹುದು.

ಇನ್ನು ಚಿಂತೆಯ ಮಾತು. ವಾರದ ಕೊನೆಯಲ್ಲಿ ಬರುವ ಕಾರುಗಳಲ್ಲಿ ಹೆಚ್ಚಿನವು ತುಮರಿಯಲ್ಲಿ ನಿಲ್ಲುವುದಿಲ್ಲ. ಹಿಂದೆ ಲಾಂಚ್ ಕಾಯುವ ಜನರನ್ನು ನಂಬಿ ಹೊಳೆಬಾಗಿಲಿನಲ್ಲಿ ಅಂಗಡಿ ಇಟ್ಟವರಿದ್ದರು. ಚಹಾ, ಮಂಡಕ್ಕಿ, ಅನಾನಸ್ ಮಾರಿಯೇ ಮಕ್ಕಳನ್ನು ಓದಿಸಿದವರು. ಅವರ ವ್ಯಾಪಾರ ಒಂದೇ ದಿನಕ್ಕೆ ಬಿತ್ತು. ಜಾಗದ ದಲ್ಲಾಳಿಗಳು ಬರತೊಡಗಿದ್ದಾರೆ. ಹಿನ್ನೀರು ಕಾಣುವ ಗುಡ್ಡ ಇದೆಯಾ ಎಂದು ಕೇಳುತ್ತಾರೆ. ಹಕ್ಕುಪತ್ರ ಇಲ್ಲದವನ ಕೈಯಿಂದ ಜಾಗ ಜಾರುವುದು ಬಹಳ ಸುಲಭ. ಹೆದರಿಸಿದರೂ ಸಾಕು, ಸ್ವಲ್ಪ ದುಡ್ಡು ತೋರಿಸಿದರೂ ಸಾಕು. ಸೇತುವೆಯಿಂದ ಊರಿನ ಬೆಲೆ ಏರಿತು ನಿಜ. ಆ ಬೆಲೆ ಸಿಗಬೇಕಾದದ್ದು ಇಷ್ಟು ವರ್ಷ ಸೇತುವೆ ಇಲ್ಲದೆ ಬದುಕಿದವರಿಗೆ ಅಲ್ವಾ? ಕಾಗದ ಇಲ್ಲದೆ ಅದು ಅವರಿಗೆ ಸಿಗುವುದಿಲ್ಲ.

ಪ್ರವಾಸಿಗರು ಬರಬಾರದು ಎಂದು ನಾನು ಹೇಳುವುದಿಲ್ಲ. ಬರಲಿ. ತುಮರಿಯಲ್ಲಿ ಇಳಿದು ಊಟ ಮಾಡಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ಮೆಣಸು ಕೊಳ್ಳಲಿ. ಇದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಂ ಕಟ್ಟಿದರು. ಅಡಿಕೆ ತೋಟದ ನಡುವಿನ ಸಣ್ಣ ಹಳ್ಳಿಗೆ ನಾಟಕ ನೋಡಲು, ಕಲಿಯಲು ರಾಜ್ಯದ ಎಲ್ಲ ಕಡೆಯಿಂದ ಜನ ಬಂದರು. ಅದನ್ನು ಕಟ್ಟಿದ್ದು ಊರಿನವರು, ನಡೆಸಿದ್ದೂ ಊರಿನವರು. ಸಣ್ಣ ಊರು ತನ್ನ ಕೈಯಲ್ಲೇ ಹಿಡಿತ ಇಟ್ಟುಕೊಂಡು ಬೆಳೆಯುವುದು ಮಲೆನಾಡಿಗೆ ಹೊಸದಲ್ಲ. ನಮ್ಮ ದಡದಲ್ಲೂ ಹೋಂಸ್ಟೇ ಆಗಲಿ, ದೋಣಿ ಆಗಲಿ, ಊರಿನವರ ಸಂಘದ ಕೈಯಲ್ಲಿ ಇರಬೇಕು. ಕಸದ ಗಾಡಿಗೆ ಪಂಚಾಯಿತಿಗೆ ಬೇರೆ ದುಡ್ಡು ಬೇಕು. ಸಂಕ್ರಾಂತಿಯ ಸಿಗಂದೂರು ಜಾತ್ರೆ ಮುಗಿದ ಮಾರನೇ ದಿನ ರಸ್ತೆಯ ಎರಡೂ ಬದಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ಶರಾವತಿಯ ಮೇಲೆ ಇನ್ನೊಂದು ಯೋಜನೆ ಬಂದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್. ಕರೆಂಟು ಜಾಸ್ತಿ ಇರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಮಾಡಿದ್ದಕ್ಕಿಂತ ಎತ್ತಲು ಬೇಕಾದ ವಿದ್ಯುತ್ತೇ ಹೆಚ್ಚು. ಆದರೂ ಸೂರ್ಯ, ಗಾಳಿಯ ವಿದ್ಯುತ್ತನ್ನು ಕೂಡಿಡಲು ಅದು ಬೇಕು ಎನ್ನುತ್ತಾರೆ. ಅದಕ್ಕಾಗಿ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆಯಬೇಕು, ಸಿಂಗಳೀಕ ಅಭಯಾರಣ್ಯದೊಳಗೆ ಸಾವಿರಾರು ಮರ ಕಡಿಯಬೇಕು. ಮುಳುಗಡೆಯವನು ಅದೇ ಕಾಡಿನಲ್ಲಿ ಕೊಟ್ಟಿಗೆಗೆ ಶೀಟು ಹಾಕಿದರೆ ನೋಟಿಸು ಬರುತ್ತದೆ. ಸಾಗರ, ಹೊನ್ನಾವರ ಎರಡೂ ಕಡೆ ಜನ ವಿರೋಧಿಸುತ್ತಿದ್ದಾರೆ. ನಾನೂ ವಿರೋಧಿಸುತ್ತೇನೆ.

ಸರ್ಕಾರದವರು ಅಹವಾಲು ಕೇಳಲು ಕುರ್ಚಿ ಹಾಕಿ ಕೂತಾಗ ನಮ್ಮ ದಡದವರೂ ಸೇತುವೆ ದಾಟಿ ಹೋಗಬೇಕು. ಈಗ ಹೋಗಬಹುದು, ಲಾಂಚಿನ ಹೊತ್ತು ನೋಡಬೇಕಾಗಿಲ್ಲ. ಹೋಗಿ ಕೇಳಬೇಕಾದ್ದು ಇಷ್ಟು. 1964ರಲ್ಲಿ ಎದ್ದು ಹೋದವರ ಭೂಮಿಗೆ ಕೇಂದ್ರದ ಒಪ್ಪಿಗೆ ಪಡೆದು, ಕೋರ್ಟಿನಲ್ಲಿ ನಿಲ್ಲುವ ಹಕ್ಕುಪತ್ರ ಕೊಡಿ. ತುಮರಿಯ ಆಸ್ಪತ್ರೆಯಲ್ಲಿ ರಾತ್ರಿಯೂ ಉಳಿಯುವ ವೈದ್ಯರಿಗೆ ಮನೆ ಕಟ್ಟಿಕೊಡಿ. ಮಂಗನ ಕಾಯಿಲೆಗೆ ಹೊಸ ಲಸಿಕೆ ಯಾವ ವರ್ಷ ಬರುತ್ತದೆ, ಬರವಣಿಗೆಯಲ್ಲಿ ಹೇಳಿ. ಇವು ಆಗುವ ತನಕ ಈ ಕಣಿವೆಯಲ್ಲಿ ಹೊಸ ಸರ್ವೆ ಕಲ್ಲು ನೆಡಬೇಡಿ.